‘ಸೀರಿಯಲ್ ಮಾಮ್’ ನೋಡಿ ಯಾರೂ ನಗಲಿಲ್ಲವೇಕೆ?

ಜಯನಗರದಲ್ಲಿ ನೀವು ಏರ್ಪಡಿಸಿದ ಪ್ರದರ್ಶನದಲ್ಲಿ ಅಮೆರಿಕದ ನಿರ್ದೇಶಕ ಜಾನ್ ವಾಟರ್ಸ್ ಅವರ ಹಾಸ್ಯಚಿತ್ರ ‘ಸೀರಿಯಲ್ ಮಾಮ್’ (1994) ನೋಡಿದವರು ಮೌನವಾಗಿ ಕುಳಿತದ್ದಕ್ಕೆ ಬಹುಶಃ ಆರಂಭದ ‘ಇದು ನಿಜಕಥೆ’ ಎಂಬ ಬರಹವೇ ಕಾರಣ. ಅದು ನಿರ್ದೇಶಕರ ಅಣಕವೇ ಹೊರತು ಸತ್ಯವಲ್ಲ. ಮರುಪ್ರದರ್ಶನಕ್ಕೆ ಮುನ್ನ ಮೊದಲು ಇದನ್ನು ತಿಳಿಸಿ. ಅನಂತರ, ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಕಾರ್ಮಿಕ ದಿನ ಕಳೆದ ಮೇಲೆ ಬಿಳಿ ಷೂ ಧರಿಸಬಾರದೆಂಬ ಅಮೆರಿಕದ ಹಳೆಯ ಶಿಷ್ಟಾಚಾರವನ್ನು ವಿವರಿಸಿ, ಏಕೆಂದರೆ ಚಿತ್ರದ ನಾಯಕಿ, ಬಾಲ್ಟಿಮೋರ್ ನಗರದ ಹೊರವಲಯದ ಆದರ್ಶ ಗೃಹಿಣಿ, ಇಂತಹ ಸಣ್ಣ ಲೋಪಗಳಿಗೂ ಕೊಲೆ ಮಾಡುತ್ತಾಳೆ ಎಂಬುದರಲ್ಲೇ ಹಾಸ್ಯವಿದೆ. ಯಾರು ಸಾಯುತ್ತಾರೆಂದು ಮಾತ್ರ ಹೇಳಬೇಡಿ. ಚಿತ್ರದಲ್ಲಿ ಬರುವ ಇನ್ನೊಂದು ಲೋಪ, ಅಂದರೆ ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತದೆ ಮರಳಿಸುವ ತಪ್ಪು ನಮ್ಮ ಹಿರಿಯರಿಗೆ ತಾನಾಗಿಯೇ ಅರ್ಥವಾಗುತ್ತದೆ. ರಕ್ತ ಕಂಡರೆ ಅಂಜುವವರು ಇಷ್ಟರಿಂದಲೇ ನಗುವರೆಂದು ಖಚಿತವಾಗಿ ಹೇಳಲಾರೆ. ಅವರನ್ನು ಮೊದಲೇ ಎಚ್ಚರಿಸಿ.