‘ಟಿ.ಸಿ. ಕೊಡ್ತೀವಿ’ ಅಂದ ಶಾಲೆಗೆ ಒಂದು ಪುಟದ ಅರ್ಜಿ

(ಪೋಷಕರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನನ್ನು ಚೇತನ್ ಎನ್ನೋಣ. ವಯಸ್ಸು 10. ತಾಲ್ಲೂಕು ಕೇಂದ್ರದ ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ 5ನೇ ತರಗತಿ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ತಂದೆ ಗೂಡ್ಸ್ ಆಟೋ ಓಡಿಸುತ್ತಾರೆ. ಪಾಠ ಕೇಳಿಸಿಕೊಂಡರೆ ಚೇತನ್ ಬಾಯಲ್ಲಿ ಚೆನ್ನಾಗಿ ಒಪ್ಪಿಸುತ್ತಾನೆ. ಬರೆಯಲು ಕೂತರೆ ಒತ್ತಕ್ಷರ ಬಿಟ್ಟುಹೋಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ, ‘ಮ’ ಇರಬೇಕಾದ ಕಡೆ ‘ಯ’ ಬರುತ್ತದೆ. ಬೋರ್ಡಿನ ಮೇಲಿದ್ದುದನ್ನು ಅರ್ಧ ಇಳಿಸಿಕೊಳ್ಳುವಷ್ಟರಲ್ಲಿ ಟೀಚರ್ ಅಳಿಸಿರುತ್ತಾರೆ. ಕೊನೆಗೆ ಶಾಲೆಯವರು ತಾಯಿಯನ್ನು ಕರೆಸಿ, ‘ನಮ್ಮ ಕೈಲಿ ಆಗಲ್ಲಮ್ಮ, ಟಿ.ಸಿ. ಕೊಡ್ತೀವಿ, ಬೇರೆ ಕಡೆ ನೋಡಿ’ ಎಂದಿದ್ದರು.

ತಾಯಿ ಪ್ರತಿ ಸಲ ಹೋಗಿ ‘ಸ್ವಲ್ಪ ನೋಡ್ಕೊಳ್ಳಿ ಮೇಡಂ’ ಎಂದು ಕೈಮುಗಿದು ಬರುತ್ತಿದ್ದರು. ತಂದೆ ಒಮ್ಮೆ ಹೋಗಿ ಜಗಳ ಮಾಡಿ ಬಂದಿದ್ದರು. ಎರಡರಿಂದಲೂ ಏನೂ ಆಗಿರಲಿಲ್ಲ. ‘ಸ್ವಲ್ಪ ನೋಡ್ಕೊಳ್ಳಿ’ ಅಂದರೆ ನಾಳೆ ಬೆಳಿಗ್ಗೆ ಟೀಚರ್ ಏನು ಮಾಡಬೇಕು? ಅವರಿಗೂ ಗೊತ್ತಾಗುವುದಿಲ್ಲ, ಅಲ್ವಾ.

ಅವರು ನನ್ನ ಹತ್ತಿರ ಸಲಹೆಗೆ ಬಂದಾಗ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಲು ಹೇಳಿದೆ. ಎರಡೂ ಸರಿ ಇದ್ದವು. ಆಮೇಲೆ ಆಸ್ಪತ್ರೆಯ ಮನಶ್ಶಾಸ್ತ್ರಜ್ಞರ ಹತ್ತಿರ ಕಲಿಕಾ ಪರೀಕ್ಷೆಗಳಾದವು. ಬುದ್ಧಿಮಟ್ಟ ವಯಸ್ಸಿಗೆ ತಕ್ಕಷ್ಟೇ ಇದೆ, ಓದು ಬರಹದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ ಎಂದು ವರದಿ ಬಂತು.

ತಂದೆಗೆ ಆ ವರದಿ ಇಷ್ಟವಾಗಲಿಲ್ಲ. ‘ನನ್ನ ಮಗನಿಗೆ ಅಂಗವಿಕಲ ಅಂತ ಮುದ್ರೆ ಹಾಕಿಸಲ್ಲ’ ಎಂದರು. ಪಕ್ಕದಲ್ಲಿದ್ದ ಅಜ್ಜಿ, ‘ಇವನೂ ಹಿಂಗೇ ಇದ್ದ ಮೇಡಂ. ಲೆಕ್ಕ ಬಾಯಲ್ಲೇ ಮಾಡೋನು, ಕನ್ನಡ ಓದು ಅಂದ್ರೆ ಅಳೋನು’ ಎಂದುಬಿಟ್ಟರು. ಈ ತೊಂದರೆ ಮನೆತನದಲ್ಲಿ ಬರುವುದುಂಟು. ತಂದೆ ಎಸ್ಎಸ್ಎಲ್‌ಸಿಯಲ್ಲಿ ಭಾಷೆಗಳಲ್ಲೇ ಫೇಲಾಗಿ ಓದು ಬಿಟ್ಟವರು. ಅವರ ಸಿಟ್ಟಿನಲ್ಲಿ ಅರ್ಧ ತಮ್ಮ ಹಳೆಯ ಶಾಲೆಯ ಮೇಲಿನದು ಎಂದು ನನಗನಿಸಿತು. ಅವತ್ತು ಅಂಗವೈಕಲ್ಯ ಪ್ರಮಾಣಪತ್ರದ ಮಾತನ್ನು ನಾನು ಒತ್ತಾಯಿಸಲಿಲ್ಲ. ತರಗತಿಯಲ್ಲಿ ಸಿಗಬೇಕಾದ ಸಣ್ಣ ಸಹಾಯಕ್ಕೆ ಅದಕ್ಕಾಗಿ ಕಾಯಬೇಕಿಲ್ಲ. ಅದು ನಿಜವಾಗಿ ಬೇಕಾಗುವುದು ಪಬ್ಲಿಕ್ ಪರೀಕ್ಷೆಯ ರಿಯಾಯಿತಿಗೆ.

ಅರ್ಜಿಯನ್ನು ತಾಯಿಯೇ ಬರೆಯಲಿ ಎಂದೆ. ಒಂದೇ ಪುಟ. ಮೊದಲು ಮಗ ಏನು ಚೆನ್ನಾಗಿ ಮಾಡುತ್ತಾನೆ, ಆಮೇಲೆ ಎಲ್ಲಿ ತೊಡಕು, ಆಮೇಲೆ ಶಾಲೆಯಿಂದ ಏನು ಬೇಕು. ಬೇಕಾದದ್ದನ್ನು ಟೀಚರ್ ನಾಳೆಯೇ ಮಾಡಬಲ್ಲಂತೆ ಬರೆಯಬೇಕು: ಮುಂದಿನ ಬೆಂಚಿನಲ್ಲಿ ಕೂರಿಸಿ. ಎಲ್ಲರೆದುರು ಜೋರಾಗಿ ಓದಲು ಎಬ್ಬಿಸಬೇಡಿ. ಬೋರ್ಡಿನಿಂದ ಇಳಿಸಿಕೊಳ್ಳುವುದರ ಬದಲು ಪಕ್ಕದ ಹುಡುಗಿಯ ನೋಟ್ಸ್ ಜೆರಾಕ್ಸ್ ಮಾಡಿಸಿಕೊಳ್ಳಲು ಬಿಡಿ. ಪರಿಸರ ಅಧ್ಯಯನದಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ, ಕೆಲವು ಪ್ರಶ್ನೆಗಳನ್ನು ಬಾಯಲ್ಲಿ ಕೇಳಿ. ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಸಮಯ ಕೊಡಿ.

ಕಾನೂನನ್ನು ಕೊನೆಯ ಪ್ಯಾರಾದಲ್ಲಿ ಇಟ್ಟೆವು, ಅದೂ ಮೆತ್ತಗೆ. ಮೊದಲ ಸಾಲಿನಲ್ಲೇ ಸೆಕ್ಷನ್ ನಂಬರ್ ಬಂದರೆ ಹೆಚ್.ಎಂ. (ಮುಖ್ಯ ಶಿಕ್ಷಕರು) ಮುಂದಕ್ಕೆ ಓದುವುದಿಲ್ಲ. ಆದರೆ ಪೋಷಕರಿಗೆ ಗೊತ್ತಿರಲೇಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಅದನ್ನು ಬೇಗ ಗುರುತಿಸುವ ಕೆಲಸವನ್ನು ಕಾಯ್ದೆಯ ಸೆಕ್ಷನ್ 16 ಶಿಕ್ಷಣ ಸಂಸ್ಥೆಗಳಿಗೇ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ ಸೆಕ್ಷನ್ 17ರಲ್ಲಿವೆ. ಇನ್ನು ಟಿ.ಸಿ. ವಿಷಯ: 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹಾಗಾಗಿ ಶಾಲೆಯವರು ‘ನೀವೇ ಕೇಳಿ ತಗೊಳ್ಳಿ’ ಎಂದು ಒತ್ತಾಯಿಸುತ್ತಾರೆ. ನೀವಾಗಿ ಟಿ.ಸಿ.ಗೆ ಅರ್ಜಿ ಬರೆದುಕೊಡಬೇಡಿ ಎಂದು ತಾಯಿಗೆ ಸ್ಪಷ್ಟವಾಗಿ ಹೇಳಿದೆ.

ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಳ್ಳಿ ಎಂದೆ. ಸೀಲು ಹಾಕಲ್ಲ ಅಂದರೆ ಸುಮ್ನೆ ವಾದ ಮಾಡದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಸೀಲು ಬಿತ್ತು. ಮೀಟಿಂಗಿಗೆ ಇಬ್ಬರೂ ಹೋದರು. ತಾಯಿ ಮಾತಾಡುವುದು, ತಂದೆ ಹೆಚ್.ಎಂ. ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಎಂದು ಮನೆಯಲ್ಲೇ ಮಾತಾಗಿತ್ತು. ಕ್ಲಾಸ್ ಟೀಚರ್ ಬೆಂಚು, ನೋಟ್ಸ್, ಬಾಯಿ ಪ್ರಶ್ನೆ ಮೂರಕ್ಕೂ ತಕ್ಷಣ ಒಪ್ಪಿದರು. ತುಂಬಿದ ತರಗತಿಯಲ್ಲಿ ಪಾಠ ಮಾಡುವ ಅವರಿಗೂ ಯಾರಾದರೂ ಇಂಥದ್ದೇ ಮಾಡಿ ಅಂದರೆ ಸಾಕಾಗಿತ್ತು ಅನ್ನಿಸುತ್ತದೆ. ಹೆಚ್ಚುವರಿ ಸಮಯಕ್ಕೆ ಮಾತ್ರ ಹೆಚ್.ಎಂ. ‘ಸರ್ಟಿಫಿಕೇಟ್ ತನ್ನಿ, ನೋಡೋಣ’ ಎಂದರು. ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಶಾಲೆಗೆ ಕರೆಸುವ ಮಾತೂ ಆಯಿತು. ಅವರು ಇನ್ನೂ ಬಂದಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಹತ್ತಿರ ಹೋಗುವ ಮೊದಲು ತಾಯಿ ಹೆಚ್.ಎಂ.ಗೆ ಒಂದು ನೆನಪೋಲೆ ಬರೆಯಲಿದ್ದಾರೆ.

ಮುಂದಿನ ವರ್ಷ 6ನೇ ತರಗತಿಯಲ್ಲಿ ಹಿಂದಿ ಶುರುವಾಗುತ್ತದೆ, ಅಂದರೆ ಇನ್ನೊಂದು ಲಿಪಿ. ಇದನ್ನು ಕೇಳಿದ ಮೇಲೆ ತಂದೆಯೇ ಯುಡಿಐಡಿ (ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ) ಅರ್ಜಿಯ ಬಗ್ಗೆ ಕೇಳಿದರು. ಆನ್‌ಲೈನ್‌ನಲ್ಲಿ ಹಾಕಬಹುದು, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ ಇರುತ್ತದೆ ಎಂದು ತಿಳಿಸಿದೆ. ವರದಿ, ಸೀಲಿರುವ ಅರ್ಜಿ, ಮೀಟಿಂಗಿನ ತಾರೀಖುಗಳು ಎಲ್ಲ ಒಂದೇ ಫೈಲಿನಲ್ಲಿರಲಿ, ಹೈಸ್ಕೂಲಿಗೆ ಸೇರಿಸುವ ದಿನವೇ ಅದರ ಜೆರಾಕ್ಸ್ ಕೊಡಿ ಎಂದಿದ್ದೇನೆ. ಎಸ್ಎಸ್ಎಲ್‌ಸಿ ರಿಯಾಯಿತಿ ಶಾಲೆಯ ಮೂಲಕವೇ ಹೋಗಬೇಕು. 10ನೇ ತರಗತಿಯ ಮಧ್ಯದಲ್ಲಿ ಓಡಾಡಿದರೆ ತುಂಬಾ ತಡವಾಗುತ್ತದೆ.