ಆರ್ಥಿಕ ಬಿಕ್ಕಟ್ಟು ಬಂದಾಗ ನಮ್ಮಂಥ ದೇಶಗಳ ಬ್ಯಾಂಕುಗಳಲ್ಲಿ ಕೆಟ್ಟ ಸಾಲ ಯಾಕೆ ಜಾಸ್ತಿಯಾಗುತ್ತದೆ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರಣೆ ಬಿದ್ದರೆ ಮೊದಲು ಅವರ ಕೈ ಖಾಲಿ. ಆಮೇಲೆ ಶಿವಮೊಗ್ಗದ ಬಟ್ಟೆ ಅಂಗಡಿ, ಬೈಕ್ ಶೋರೂಮ್ ಕೂಡ ಬಿಕೋ ಅನ್ನುತ್ತವೆ. ಎಲ್ಲರ ಕಂತೂ ಒಟ್ಟಿಗೇ ನಿಲ್ಲುತ್ತದೆ. ಬಾಕಿ 90 ದಿನ ದಾಟಿದರೆ ಸಾಮಾನ್ಯವಾಗಿ ಅದು ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಬೆಳೆ ಸಾಲಕ್ಕೆ ಮಾತ್ರ ಹಂಗಾಮಿನ ಲೆಕ್ಕ.

ಇನ್ನೊಂದು ದೊಡ್ಡ ಪೆಟ್ಟು ಡಾಲರ್ ಸಾಲದ್ದು. 1997ರ ಜುಲೈನಲ್ಲಿ ಥಾಯ್ಲೆಂಡಿನ ಕರೆನ್ಸಿ ಬಾತ್ ಕುಸಿಯಿತು, ಬೆನ್ನಿಗೇ ಇಂಡೋನೇಷ್ಯಾದ ರುಪಯಾ. ಡಾಲರಿಗೆ ಸುಮಾರು 2,400 ರುಪಯಾ ಇದ್ದದ್ದು 1998ರಲ್ಲಿ 10,000 ದಾಟಿತು. ಅಲ್ಲಿನ ಕಂಪನಿಗಳ ಗಳಿಕೆ ರುಪಯಾದಲ್ಲಿ, ಸಾಲ ಡಾಲರಿನಲ್ಲಿ. ಹೊಸದಾಗಿ ಒಂದು ಪೈಸೆ ತರದೆಯೂ ರುಪಯಾ ಲೆಕ್ಕದಲ್ಲಿ ಸಾಲ ನಾಲ್ಕು ಪಟ್ಟು! ತೀರಿಸೋದು ಹೇಗೆ?

ಭಾರತದಲ್ಲಿ ಗಾಯ ತಡವಾಗಿ ಕಂಡಿತು. 2008ರ ಆಸುಪಾಸಿನ ಭರಾಟೆಯಲ್ಲಿ ರಸ್ತೆ, ವಿದ್ಯುತ್, ಉಕ್ಕಿಗೆ ಕೊಟ್ಟ ಎಷ್ಟೋ ಸಾಲಗಳಿಗೆ ಬ್ಯಾಂಕುಗಳು ಗಡುವು ಮುಂದೂಡುತ್ತಾ ಬಂದವು. ಮುಚ್ಚಿಟ್ಟವು ಅಂತಲೇ ನಾನು ಹೇಳುತ್ತೇನೆ. 2015ರಲ್ಲಿ ರಿಸರ್ವ್ ಬ್ಯಾಂಕ್ ಲೆಕ್ಕದ ಪುಸ್ತಕ ಬಿಚ್ಚಿಸಿತು. 2018ರ ಮಾರ್ಚ್ ಹೊತ್ತಿಗೆ ಎನ್‌ಪಿಎ ಒಟ್ಟು ಸಾಲದ ಶೇ 11 ಮೀರಿತ್ತು.

ಕೈಸುಟ್ಟುಕೊಂಡ ಬ್ಯಾಂಕು ಹೊಸ ಸಾಲ ಬಿಗಿ ಮಾಡುತ್ತದೆ. ಆಗ ಸರಿಯಾಗಿ ನಡೆಯುತ್ತಿದ್ದ ಅಂಗಡಿಯೂ ಸರಕು ತರಲು ದುಡ್ಡಿಲ್ಲದೆ ಕಂತು ತಪ್ಪಿಸುತ್ತದೆ.