ಕಿಟಕಿಗೆ ಮರವೋ ಯುಪಿವಿಸಿಯೋ? ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಎಂದು ಮೊದಲು ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಮನೆಯ ಗೋಡೆ ಇನ್ನೂ ಏಳುತ್ತಿದೆ, ಹಿರಿಯರು ಕಿಟಕಿಗೆ ಮರವೇ ಆಗಬೇಕು ಅನ್ನುತ್ತಿದ್ದಾರೆ, ಮಾರುವವರು ‘ವಿನೈಲ್ ಹಾಕಿಸಿ, ಆಮೇಲೆ ಅದರ ಕಡೆ ತಿರುಗಿಯೂ ನೋಡಬೇಕಿಲ್ಲ’ ಅಂದಿದ್ದಾರೆ. ಎರಡರಲ್ಲಿ ಯಾವುದು ಒಳ್ಳೆಯದು, ಎರಡನ್ನೂ ಬೆರೆಸಿ ಹಾಕಬಹುದೇ ಎಂದು ಕೇಳಿದ್ದೀರಿ. ಮನೆ ಕಟ್ಟಿಸುವ ಕೆಲಸದ ಉಸ್ತುವಾರಿಯೇ ನನ್ನ ಕಸುಬು. ಎರಡೂ ಬಗೆಯ ಕಿಟಕಿಗಳನ್ನು ಹಾಕಿಸಿದ್ದೇನೆ, ಕೆಟ್ಟುಹೋದವನ್ನು ಕೀಳಿಸಿಯೂ ಇದ್ದೇನೆ.

ನೇರವಾಗಿ ಹೇಳಿಬಿಡುತ್ತೇನೆ. ಇಡೀ ಮನೆಗೆ ಒಂದೇ ಎಂದು ಹಟ ಹಿಡಿಯಬೇಡಿ. ಬಿಸಿಲು ಮಳೆ ನೇರವಾಗಿ ಬೀಳುವ ಕಿಟಕಿಗೆ, ಏಣಿ ಹಾಕದೆ ಕೈಗೆಟುಕದ ಕಿಟಕಿಗೆ ಯುಪಿವಿಸಿ (ಗಟ್ಟಿ ಪಿವಿಸಿ ಪ್ಲಾಸ್ಟಿಕ್, ವಿನೈಲ್ ಅಂದರೂ ಅದೇ). ಸೂರಿನ ಕೆಳಗೆ ನೆರಳಲ್ಲಿರುವ, ದಿನವೂ ಕೈಯಾಡುವ ಕಿಟಕಿಗೆ ಚೆನ್ನಾಗಿ ಒಣಗಿದ ಮರ. ಅಂಥ ಮರ ಸಿಗದಿದ್ದರೆ ಅಲ್ಲಿಗೂ ಯುಪಿವಿಸಿಯೇ. ಯಾಕೆಂದರೆ ಸಾಧಾರಣ ಯುಪಿವಿಸಿಗಿಂತ ಹಸಿ ಮರದ ಕಿಟಕಿ ಕೊಡುವ ಕಾಟ ಹೆಚ್ಚು.

ಹಿರಿಯರ ಮಾತನ್ನು ತಳ್ಳಿಹಾಕುವಂತಿಲ್ಲ. ನೂರು ವರ್ಷ ದಾಟಿದ ಮರದ ಕಿಟಕಿಗಳು ಹಳೆಯ ಕಟ್ಟಡಗಳಲ್ಲಿ ಇವತ್ತಿಗೂ ಸಲೀಸಾಗಿ ತೆರೆದು ಮುಚ್ಚುತ್ತಿವೆ. ಪ್ಲಾಸ್ಟಿಕ್ ಕಿಟಕಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ, ಜರ್ಮನಿಯಲ್ಲಿ ಅದು ಶುರುವಾದದ್ದೇ 1950ರ ದಶಕದಲ್ಲಿ. ಆದರೆ ಆ ಹಳೆಯ ಕಿಟಕಿಗಳಿಗೆ ಹಾಕಿದ್ದು ಬಲಿತ ಮರದ ಕೆಚ್ಚು (ಒಳಗಿನ ಗಟ್ಟಿ ಭಾಗ), ಅದೂ ವರ್ಷಗಟ್ಟಲೆ ಒಣಗಿದ್ದು. ಈಗ ಕೈಗೆ ಸಿಗುವುದು ಬಹುಪಾಲು ಬೇಗ ಬೆಳೆಸಿ ಬೇಗ ಕಡಿದ ಮರ. ಹಾಗಾಗಿ ಜಾತಿಯ ಹೆಸರು ಕೇಳಿ ಸಮಾಧಾನಪಟ್ಟುಕೊಳ್ಳಬೇಡಿ. ತೇಗವೇ ಆದರೂ ಕೆಚ್ಚಿನ ಸುತ್ತ ಇರುವ ತೆಳುಬಣ್ಣದ ಹೊರಭಾಗಕ್ಕೆ ತೇಗದ ಗುಣ ಇರುವುದಿಲ್ಲ, ಹುಳಕ್ಕೂ ಗೆದ್ದಲಿಗೂ ಅದು ಸುಲಭದ ತುತ್ತು. ಒಂದೇ ಹಲಗೆಯ ಒಂದು ಅಂಚು ಕಂದಾಗಿ, ಇನ್ನೊಂದು ಬಿಳಿಚಿಕೊಂಡಂತೆ ಕಂಡರೆ ಆ ಬಿಳಿಚಿದ ಭಾಗವನ್ನು ಕೊಯ್ದು ತೆಗೆಸಿ. ಬಣ್ಣ ಕಲಸಿದ ಪಾಲಿಶ್ ಒಮ್ಮೆ ಬಿದ್ದಿತೆಂದರೆ ಎರಡೂ ಒಂದೇ ಬಣ್ಣ, ಆಮೇಲೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಮರ ತನ್ನ ಎಳೆಗಳ ಉದ್ದಕ್ಕೆ ಹಿಗ್ಗುವುದೂ ಕುಗ್ಗುವುದೂ ಇಲ್ಲವೇ ಇಲ್ಲ ಅನ್ನಬಹುದು. ಅಡ್ಡಕ್ಕೆ ಮಾತ್ರ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಪಟ್ಟಿ ಒಂದು ಮಿಲಿಮೀಟರ್ ಉಬ್ಬಿದರೂ ಸಾಕು, ಎರಡು ಕದಗಳು ಸೇರುವ ಕಡೆ ಕಚ್ಚಿಕೊಳ್ಳುತ್ತವೆ. ಮಳೆಗಾಲದಲ್ಲಿ ಕಿಟಕಿ ಬಿಗಿಯಾಯಿತೆಂದು ತಕ್ಷಣ ಕೀಸುಳಿ ಹಾಕಿಸುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಬೇಸಿಗೆ ಬಂದಾಗ ಅದೇ ಸಂದಿನಲ್ಲಿ ಗಾಳಿಯೂ ದೂಳೂ ನುಗ್ಗುತ್ತವೆ. ಒಣಹವೆ ಬರುವ ತನಕ ಕಾಯಿರಿ, ಆಗಲೂ ಬಿಗಿಯಾಗಿದ್ದರೆ ಮಾತ್ರ ಕೀಸಿಸಿ. ಇದಕ್ಕಿಂತ ಮುಖ್ಯವಾದದ್ದು, ಮರ ಕೊಳ್ಳುವಾಗಲೇ ತೇವ ಅಳೆಯುವ ಮೀಟರ್ ಚುಚ್ಚಿಸಿ ನೋಡುವುದು. ಕಿಟಕಿ ಮಾಡುವ ಮರದಲ್ಲಿ ತೇವ ಶೇಕಡಾ 12ರ ಆಸುಪಾಸು ಇರಬೇಕು. 20 ದಾಟಿ ಹಾಗೇ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ಬಾಗಿಲು ತೆರೆದ ಹಾಗೆ. ಅಂಗೈಯಲ್ಲಿ ಹಿಡಿಯುವ ಸಣ್ಣ ಉಪಕರಣ ಅದು, ಮೀಟರ್ ಕಂಡರೆ ಮುಖ ಸಿಂಡರಿಸುವವರ ಹತ್ತಿರ ಮರ ಕೊಳ್ಳಬೇಡಿ.

ಮರದ ಕಿಟಕಿ ಹಾಳಾಗುವುದು ಎಲ್ಲಿಂದ ಎಂದು ತಿಳಿಯಬೇಕೇ? ಯಾವುದಾದರೂ ಹಳೆಯ ಕಿಟಕಿಯ ಕೆಳಗಿನ ಮೂಲೆಗೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಮೇಲಿನ ಮೂಲೆ ಕಲ್ಲಿನ ಹಾಗಿದ್ದರೂ ಕೆಳಗಿನದರಲ್ಲಿ ತುದಿ ಮೆತ್ತಗೆ ಒಳಗಿಳಿಯುವುದುಂಟು. ನಿಂತ ಪಟ್ಟಿಯ ಕೊಯ್ದ ತುದಿ ಅಲ್ಲಿರುತ್ತದೆ, ಕೊಯ್ದ ತುದಿಯೆಂದರೆ ಬಾಯಿ ತೆರೆದ ಕೊಳವೆಗಳ ಕಂತೆ, ಮರದ ಉಳಿದ ಮೈಗಿಂತ ಎಷ್ಟೋ ಪಟ್ಟು ಬೇಗ ನೀರು ಹೀರುತ್ತದೆ. ವಿಚಿತ್ರವೆಂದರೆ ಬಣ್ಣ ಬಳಿಯದೆ ಬಿಡುವುದೂ ಅದನ್ನೇ. ಕದ ಕೂರಿಸಿದ ಮೇಲೆ ಬಣ್ಣದವರು ಬರುತ್ತಾರೆ, ಕದದ ತಳದ ಅಂಚಿಗೆ ಅವರ ಬ್ರಷ್ ಹೋಗುವುದಿಲ್ಲ, ಕಣ್ಣಿಗೆ ಕಾಣದ್ದರಿಂದ ಯಾರೂ ಕೇಳುವುದಿಲ್ಲ. ಕದವನ್ನು ಕೀಲಿಗೆ ಹಾಕುವ ಮೊದಲೇ ತಳ, ತಲೆ ಎರಡೂ ಅಂಚಿಗೆ ಪ್ರೈಮರ್ ಎರಡು ಕೈ ಹೊಡೆಸಿ. ಚೌಕಟ್ಟಿನ ಗೋಡೆಗೆ ಅಂಟುವ ಬೆನ್ನಿಗೂ ಅಷ್ಟೇ, ಅಲ್ಲಿ ಜೊತೆಗೆ ಗೆದ್ದಲ ಔಷಧಿಯೂ ಬೇಕು. ಗೆದ್ದಲು ಮುಂದಿನಿಂದ ಬರುವುದು ಅಪರೂಪ, ಗೋಡೆಯ ಒಳಗಿಂದ ಬಂದು ಬೆನ್ನನ್ನೇ ಮೊದಲು ತಿನ್ನುತ್ತದೆ.

ಪಾಲಿಶ್ ಬಗ್ಗೆಯೂ ಒಂದು ಮಾತು. ಮರದ ಎಳೆ ಕಾಣಲಿ ಎಂದು ಎಲ್ಲರಿಗೂ ಆಸೆ. ಒಳಮುಖಕ್ಕೆ ಏನು ಬೇಕಾದರೂ ಹಚ್ಚಿಸಿ. ಹೊರಮುಖಕ್ಕೆ ಬಣ್ಣವಿಲ್ಲದ ವಾರ್ನಿಶ್ ಬಿಸಿಲಲ್ಲಿ ಬಾಳುವುದಿಲ್ಲ. ಪಾರದರ್ಶಕ ಪದರದ ಮೂಲಕ ಅತಿನೇರಳೆ ಕಿರಣ ಒಳಗಿಳಿದು ಮರದ ಮೇಲ್ಮೈಯಲ್ಲಿ ಎಳೆಗಳನ್ನು ಬೆಸೆದಿಡುವ ಲಿಗ್ನಿನ್ ಅನ್ನು ಒಡೆಯುತ್ತದೆ, ಕೆಳಗಿನ ಹಿಡಿತ ಸಡಿಲವಾಗಿ ವಾರ್ನಿಶ್ ಹಾಳೆ ಹಾಳೆಯಾಗಿ ಏಳುತ್ತದೆ. ಹೊರಗಡೆಗೆ ಪೇಂಟೇ ಸರಿ.

ಇನ್ನು ಯುಪಿವಿಸಿ. ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ನೀರು ಕುಡಿಯುವುದಿಲ್ಲ, ಈ ಮಾತೆಲ್ಲ ನಿಜ. ಬೆಂಕಿಯ ವಿಷಯದಲ್ಲಿಯೂ ಹೆದರಬೇಕಾದ್ದೇನಿಲ್ಲ. ಪಿವಿಸಿಯ ತೂಕದಲ್ಲಿ ಶೇಕಡಾ 57ರಷ್ಟು ಕ್ಲೋರಿನ್ ಇರುವುದರಿಂದ ಉರಿಯ ಮೂಲ ತೆಗೆದರೆ ತಾನೇ ಆರುತ್ತದೆ, ಹೊಗೆ ಮಾತ್ರ ಕೆಟ್ಟದ್ದು. ಶಾಖ ಒಳಗೆ ದಾಟಿಸುವುದರಲ್ಲಿ ಮರವೂ ಯುಪಿವಿಸಿಯೂ ಬಹುತೇಕ ಸಮಾನ, ಎರಡೂ ಒಳ್ಳೆಯ ತಡೆ. (ಅಲ್ಯೂಮಿನಿಯಂ ಕೇಳಿದವರಿಗೆ: ಬರಿಯ ಅಲ್ಯೂಮಿನಿಯಂ ಇವುಗಳಿಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಶಾಖ ದಾಟಿಸುತ್ತದೆ.)

ಆದರೆ ಯುಪಿವಿಸಿಗೆ ಎರಡು ಸಹಜ ದೌರ್ಬಲ್ಯಗಳಿವೆ, ಮಾರುವವರು ಬಾಯಿಬಿಡದೇ ಇರುವುದು ಇವುಗಳ ಬಗ್ಗೆಯೇ. ಒಂದು, ಅದು ಬಳುಕುತ್ತದೆ. ಎಳೆಯ ಉದ್ದಕ್ಕೆ ಮರಕ್ಕಿರುವ ಬಿಗುವಿನ ಕಾಲುಭಾಗವಷ್ಟೇ ಅದಕ್ಕಿರುವುದು. ಅದಕ್ಕೇ ಪೊಳ್ಳು ಪ್ರೊಫೈಲಿನ (ಚೌಕಟ್ಟು, ಕದ ಮಾಡುವ ಪ್ಲಾಸ್ಟಿಕ್ ಪಟ್ಟಿಯ) ಒಳಗೆ ಸತು ಲೇಪಿಸಿದ ಉಕ್ಕಿನ ಪಟ್ಟಿ ತುರುಕಿರುತ್ತಾರೆ, ಇಲ್ಲವೇ ತುರುಕಿದ್ದೇವೆ ಅನ್ನುತ್ತಾರೆ. ಒಂದು ಬಲವಾದ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ ಚೌಕಟ್ಟಿನ ನಾಲ್ಕೂ ಕಡೆ, ಕದದ ನಾಲ್ಕೂ ಕಡೆ ಹಿಡಿದು ನೋಡಿ. ಉಕ್ಕು ಇದ್ದ ಕಡೆ ಪ್ಲಾಸ್ಟಿಕ್ ಮೇಲಿನಿಂದಲೇ ಸೆಳೆತ ಗೊತ್ತಾಗುತ್ತದೆ. ಚೌಕಟ್ಟಿಗೆ ಹಾಕಿ ಕದಕ್ಕೆ ಬಿಟ್ಟವರನ್ನು ಕಂಡಿದ್ದೇನೆ. ಅಂಥ ದೊಡ್ಡ ಕದ ಗಾಜಿನ ಭಾರಕ್ಕೆ ನಿಧಾನವಾಗಿ ಜೋತು, ಚಿಲಕ ತನ್ನ ತೂತಿಗೆ ಕೂರುವುದನ್ನು ಬಿಡುತ್ತದೆ. ಪ್ರೊಫೈಲಿನ ಕೊಯ್ದ ತುಂಡನ್ನೂ ಕೇಳಿ ಪಡೆಯಿರಿ. ಹೊರಗೋಡೆಯ ದಪ್ಪ 2.5ರಿಂದ 2.8 ಮಿಲಿಮೀಟರ್ ಇದ್ದರೆ ಅದು ಮರ್ಯಾದಸ್ಥ ಮಾಲು.

ಇನ್ನೊಂದು, ಬಿಸಿಲಿಗೆ ಅದು ಹಿಗ್ಗುವುದು ಹೆಚ್ಚು. ಎರಡು ಮೀಟರ್ ಉದ್ದದ ಪಟ್ಟಿಯ ಉಷ್ಣಾಂಶ 40 ಡಿಗ್ರಿ ಏರಿದರೆ ಐದಾರು ಮಿಲಿಮೀಟರ್ ಉದ್ದವಾಗುತ್ತದೆ. ಅದೇ ಉದ್ದದ ಅಲ್ಯೂಮಿನಿಯಂ ಎರಡು ಮಿಲಿಮೀಟರ್ ಸಹ ಆಗುವುದಿಲ್ಲ. ಆದ್ದರಿಂದ ಚೌಕಟ್ಟಿನ ಸುತ್ತ ಸಂದು ಬಿಟ್ಟು ಫೋಮ್ ತುಂಬಿ ಮೇಲೆ ಸಿಲಿಕೋನ್ ಎಳೆಯಬೇಕು. ಅಳತೆ ತಪ್ಪಿದ್ದಕ್ಕೆ ಗಾರೆ ತುಂಬಿ ಬಿಗಿದುಬಿಟ್ಟರೆ ಪಟ್ಟಿ ಬಿಲ್ಲಿನ ಹಾಗೆ ಬಾಗಿ ಕದ ತಿಕ್ಕತೊಡಗುತ್ತದೆ. ಫೋಮ್ ಬಿಸಿಲಿಗೆ ತೆರೆದಿದ್ದರೆ ಪುಡಿಯಾಗುತ್ತದೆ, ಅದು ಮುಚ್ಚಿರಲಿ. ಕಡು ಬಣ್ಣದ ಯುಪಿವಿಸಿಯನ್ನು ಬಿಸಿಲ ದಿಕ್ಕಿಗೆ ಹಾಕಿಸುವಾಗ ಎರಡು ಸಲ ಯೋಚಿಸಿ. ಈ ಪ್ಲಾಸ್ಟಿಕ್ ಸುಮಾರು 80 ಡಿಗ್ರಿಗೆ ಮೆದುವಾಗುತ್ತದೆ, ಕಡು ಬಣ್ಣದ ಮೇಲ್ಮೈ ಸುಡುಬಿಸಿಲಲ್ಲಿ 70ರ ಹತ್ತಿರ ಹೋಗುವುದುಂಟು. ಬಿಳಿಯದು ಅಷ್ಟು ಕಾಯುವುದಿಲ್ಲ, ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಬಿಸಿಲಿನ ಹೊಡೆತವನ್ನೂ ತಡೆಯುತ್ತದೆ. ಅಂದಹಾಗೆ ಸೀಸ ಬಳಸದ ಪ್ರೊಫೈಲ್ ಎಂದು ಬರೆದುಕೊಡಲು ಕೇಳಿ. ಹಿಂದೆ ಪಿವಿಸಿ ಕೆಡದಿರಲು ಸೀಸದ ಸಂಯುಕ್ತ ಬೆರೆಸುತ್ತಿದ್ದರು, ಯುರೋಪಿನ ಉದ್ಯಮ 2015ರ ಕೊನೆಗೆ ಅದನ್ನು ಕೈಬಿಟ್ಟಿತು. ಈಗ ಕ್ಯಾಲ್ಸಿಯಂ-ಸತು ಬೆರೆಸುವುದು ರೂಢಿ.

‘ತಿರುಗಿ ನೋಡಬೇಕಿಲ್ಲ’ ಅನ್ನುವುದು ಮಾತ್ರ ಪೂರ್ತಿ ಸುಳ್ಳು. ಯುಪಿವಿಸಿ ಚೌಕಟ್ಟಿನ ಕೆಳಪಟ್ಟಿಯಲ್ಲಿ ಹೊರಮುಖಕ್ಕೆ ಸಣ್ಣ ಉದ್ದನೆಯ ತೂತುಗಳಿರುತ್ತವೆ. ಕಾಲುವೆಗೆ ಬಿದ್ದ ಮಳೆನೀರು ಹೊರಹೋಗುವ ದಾರಿ ಅದೊಂದೇ. ಗೋಡೆಗೆ ಬಣ್ಣ ಹೊಡೆಯುವಾಗ ಪುಟ್ಟಿ ಮೆತ್ತಿ, ಆಮೇಲೆ ದೂಳು, ಇರುವೆ ಗೂಡು ಸೇರಿ ಅವು ಮುಚ್ಚಿಹೋಗುತ್ತವೆ. ಮೊದಲ ಜೋರು ಮಳೆಗೆ ಕಾಲುವೆ ತುಂಬಿ ನೀರು ಒಳಗೋಡೆಗೆ ಇಳಿಯುತ್ತದೆ, ಬೈಗುಳವೆಲ್ಲ ಪಾಪ ಸಿಲಿಕೋನ್ ಎಳೆದವನಿಗೆ. ಕೆಲಸ ಒಪ್ಪಿಸಿಕೊಳ್ಳುವ ದಿನ ಪ್ರತಿ ಕಿಟಕಿಯ ಕಾಲುವೆಗೆ ಒಂದು ಚೊಂಬು ನೀರು ಸುರಿದು ನೋಡಿ, ನೋಡನೋಡುತ್ತಲೇ ಹೊರಗೆ ಹರಿಯಬೇಕು. ಮುಂದೆ ಪ್ರತಿ ಮಳೆಗಾಲಕ್ಕೆ ಮೊದಲು ತಂತಿ ಆಡಿಸಿ ತೂತು ಬಿಡಿಸಿ, ಕೀಲು ಚಿಲಕಗಳಿಗೆ ಎರಡು ಹನಿ ಎಣ್ಣೆ ಬಿಡಿ. ಪ್ಲಾಸ್ಟಿಕ್ ಉಳಿಯುತ್ತದೆ, ಮೊದಲು ಸೋಲುವುದು ಚಿಲಕ, ಗಾಲಿ, ರಬ್ಬರು. ಕಡಲ ಹತ್ತಿರದ ಮನೆಯಾದರೆ ಇವುಗಳ ಲೋಹದ ಭಾಗ ಸ್ಟೇನ್‌ಲೆಸ್ ಉಕ್ಕಿನದೇ ಆಗಿರಲಿ.

ರಿಪೇರಿಗೆ ಬಂದರೆ ಮರದ ಮುಂದೆ ಯುಪಿವಿಸಿ ನಿಲ್ಲಲಾರದು. ಕೊಳೆತ ಮೂಲೆ ಕತ್ತರಿಸಿ ಹೊಸ ತುಂಡು ಕೂಡಿಸಲು ಯಾವ ಆಚಾರಿಗಾದರೂ ಬರುತ್ತದೆ. ಯುಪಿವಿಸಿಯ ಮೂಲೆಗಳು ಕಾಯಿಸಿ ಬೆಸೆದವು, ಬಿಚ್ಚಲಾಗದು. ಪಟ್ಟಿ ಸೀಳಿದರೆ ಇಡೀ ಕದವೇ ಹೊಸದು, ಅಷ್ಟರಲ್ಲಿ ಆ ವಿನ್ಯಾಸವನ್ನೇ ನಿಲ್ಲಿಸಿಬಿಟ್ಟಿದ್ದರೆ ಹೊಂದುವ ಕದ ಸಿಗುವುದೂ ಕಷ್ಟ.

ನೀವು ಕೇಳದೇ ಬಿಟ್ಟದ್ದು ಗಾಜು. ಕಿಟಕಿಯ ಮುಕ್ಕಾಲು ಪಾಲು ಅದೇ ಇರುತ್ತದೆ, ಚರ್ಚೆ ಮಾತ್ರ ಉಳಿದ ಕಾಲು ಪಾಲಿನ ಮೇಲೆ. ಒಂಟಿ ಗಾಜಿನಲ್ಲಿ ದಾಟುವ ಶಾಖದ ಅರ್ಧದಷ್ಟು ಮಾತ್ರ ನಡುವೆ ಗಾಳಿಯ ಪದರವಿರುವ ಜೋಡಿ ಗಾಜಿನಲ್ಲಿ ದಾಟುತ್ತದೆ. ಬಿಸಿಲಿನದೇ ಕಾಟವಾದರೆ ಬಿಸಿಲು ತಡೆಯುವ ಲೇಪನದ ಗಾಜು, ರಸ್ತೆ ಗದ್ದಲವಾದರೆ ಲ್ಯಾಮಿನೇಟೆಡ್ ಗಾಜು (ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಎರಡು ಗಾಜು). ಕೈಯಲ್ಲಿರುವ ಹಣ ಮರಕ್ಕೂ ಒಳ್ಳೆಯ ಗಾಜಿಗೂ ಸಾಲದಿದ್ದರೆ ನಾನು ಮರದ ಆಸೆ ಬಿಟ್ಟು ಗಾಜಿಗೆ ಹಾಕುತ್ತೇನೆ. ಗದ್ದಲ, ದೂಳು ಎರಡೂ ಇರುವ ಕಡೆ ಜಾರಿಸುವ ಕಿಟಕಿಯೂ ಬೇಡ. ಕೀಲಿನ ಮೇಲೆ ತೆರೆಯುವ ಕದ ರಬ್ಬರನ್ನು ಒತ್ತಿ ಮುಚ್ಚುತ್ತದೆ, ಜಾರುವ ಕದಕ್ಕೆ ಕೂದಲಿನ ಬ್ರಷ್ ಪಟ್ಟಿಯಷ್ಟೇ ಆಸರೆ.

ಬೆರೆಸಿದರೆ ಚೆನ್ನಾಗಿ ಕಾಣುವುದಿಲ್ಲವೇನೋ ಎಂಬ ಅಳುಕಿದ್ದರೆ ಒಂದು ಗೋಡೆಯಲ್ಲಿ ಒಂದೇ ಬಗೆಯದು ಬರುವಂತೆ ನೋಡಿಕೊಳ್ಳಿ. ಎರಡು ದಿಕ್ಕಿನ ಗೋಡೆಗಳನ್ನು ಒಟ್ಟಿಗೆ ನಿಂತು ಹೋಲಿಸುವವರು ಇಲ್ಲ. ಮರದ ಹೊರಮುಖಕ್ಕೆ ಯುಪಿವಿಸಿಯ ಬಿಳಿಯನ್ನೇ ಬಳಿಸಿದರೆ ದೂರದಿಂದ ವ್ಯತ್ಯಾಸವೂ ತಿಳಿಯುವುದಿಲ್ಲ.

ಗೋಡೆ ಇನ್ನೂ ಏಳುತ್ತಿದೆ ಅಂದಿರಲ್ಲ, ಮೊದಲು ಆಗಬೇಕಾದ ಕೆಲಸ ಅಲ್ಲೇ ಇದೆ. ಮರದ ಚೌಕಟ್ಟನ್ನು ಗೋಡೆ ಕಟ್ಟುವಾಗಲೇ ನಿಲ್ಲಿಸಿ ಕಟ್ಟುವುದಾದರೆ ಆ ಕಿಟಕಿಗಳು ಯಾವುವು ಎಂದು ಈ ವಾರವೇ ತೀರ್ಮಾನವಾಗಬೇಕು, ಮರ ಒಣಗಿದೆಯೋ ಇಲ್ಲವೋ ನೋಡುವ ಕೆಲಸವೂ ಅದರ ಜೊತೆಗೇ. ಯುಪಿವಿಸಿಗೆ ಅವಸರವಿಲ್ಲ. ಗಿಲಾವು ಮುಗಿದು ಗೋಡೆಯಲ್ಲಿ ಕಿಟಕಿಗೆ ಬಿಟ್ಟ ಗೂಡಿನ ಅಂಚು ಪಕ್ಕಾ ಆದ ಮೇಲೆ ಅಳತೆ ತೆಗೆಸಿ, ಅಗಲ ಎತ್ತರವನ್ನು ಮೂರು ಮೂರು ಕಡೆ ಅಳೆದು ಅತಿ ಚಿಕ್ಕದನ್ನು ಹಿಡಿಯಲಿ. ಆದರೆ ಕಿಟಕಿಯ ತಳದ ಕಟ್ಟೆ ಹೊರಕ್ಕೆ ಇಳಿಜಾರಾಗಿರುವುದು, ಅದರ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು ಒಂದು ಗೀರು ಬಿಡುವುದು, ಇದು ಎರಡು ಬಗೆಯ ಕಿಟಕಿಗೂ ಬೇಕು. ಗಿಲಾವಿನವರು ಬರುವ ಮೊದಲೇ ಮೇಸ್ತ್ರಿಗೆ ಹೇಳಿಡಿ.